ಕುರ್ಚಿ ಮಡಚುವವರು

ಕೇಳುಗರಿಗೆ ನಮಸ್ಕಾರ.

ಒಂದು ಸನ್ಮಾನಕ್ಕೆ ಹೋಗಿದ್ದೆ. ನಲವತ್ತು ವರ್ಷ ತಮ್ಮ ಬಡಾವಣೆಯ ಕೆಲಸಕ್ಕೆ ಹೆಗಲು ಕೊಟ್ಟ ಹಿರಿಯರೊಬ್ಬರಿಗೆ ಸನ್ಮಾನ. ಮೈಕ್ ಹಿಡಿದವರೆಲ್ಲ ‘ನಿಸ್ವಾರ್ಥ ಸೇವೆ’, ‘ಅಪಾರ ಕೊಡುಗೆ’ ಅಂದರು. ಅವರು ಮಾಡಿದ್ದೇನು ಅಂತ ಮಾತ್ರ ಒಬ್ಬರೂ ಹೇಳಲಿಲ್ಲ. ಕಾರ್ಯಕ್ರಮ ಮುಗಿದು ಜನ ಹೊರಟರು. ತಿರುಗಿ ನೋಡಿದರೆ, ಆ ಹಿರಿಯರು ಫಲಕವನ್ನು ಕಿಟಕಿಯಲ್ಲಿಟ್ಟು ಕುರ್ಚಿ ಮಡಚುತ್ತಿದ್ದಾರೆ! ಕಾಲು ಸಡಿಲವಾದ ಕುರ್ಚಿಗಳನ್ನು ಬೇರೆ ಇಡುತ್ತಿದ್ದರು. ಯಾವುದು ಸಡಿಲ ಅಂತ ಕೈಗೇ ಗೊತ್ತಿತ್ತು.

ಇಂಥವರ ಕೆಲಸ ಕಣ್ಣಿಗೆ ಬೀಳುವುದೇ ಕಡಿಮೆ. ಸಭೆಯ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ, ಯಾವ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ, ರಾತ್ರಿ ಹೊತ್ತು ಯಾರನ್ನು ಎಬ್ಬಿಸಿದರೆ ಬೇಜಾರು ಮಾಡಿಕೊಳ್ಳದೆ ಬರುತ್ತಾರೆ? ಇದೆಲ್ಲ ಅವರ ತಲೆಯಲ್ಲಿರುತ್ತದೆ. ಬೇರೆಲ್ಲೂ ಬರೆದಿರುವುದಿಲ್ಲ.

ಅದಕ್ಕೇ ಬರೀ ಹೊಗಳಿದರೆ ಸಾಲದು, ಮಾಡಿದ್ದನ್ನು ಹೇಳಬೇಕು. ಆಸ್ಟ್ರೇಲಿಯಾದ ರಕ್ತದಾನಿ ಜೇಮ್ಸ್ ಹ್ಯಾರಿಸನ್ ‘ಮಹಾದಾನಿ’ ಅಂದರೆ ನಮಗೆ ಏನೂ ತಿಳಿಯುವುದಿಲ್ಲ. 1954ರಿಂದ 2018ರವರೆಗೆ 1,173 ಸಲ ರಕ್ತ, ಪ್ಲಾಸ್ಮಾ ಕೊಟ್ಟರು, ಸೂಜಿ ಕಂಡರೆ ಆಗದ ಅವರು ಪ್ರತಿಸಲ ಮುಖ ತಿರುಗಿಸಿಕೊಳ್ಳುತ್ತಿದ್ದರು ಅನ್ನಿ. ಆಗ ಮನುಷ್ಯ ಎದುರಿಗೆ ಬಂದು ನಿಲ್ಲುತ್ತಾನೆ, ಅಲ್ವಾ? 81ನೇ ವಯಸ್ಸಿನಲ್ಲಿ ನಿಲ್ಲಿಸಿದ್ದೂ ಸಾಕಾಗಿ ಅಲ್ಲ, ವಯಸ್ಸಿನ ಮಿತಿ ಅಡ್ಡ ಬಂತು.

ಡಿಸೆಂಬರ್ 5 ಸ್ವಯಂಸೇವಕರ ದಿನ. 1985ರಲ್ಲಿ ವಿಶ್ವಸಂಸ್ಥೆ ಗೊತ್ತುಮಾಡಿದ್ದು. ಆ ದಿನ ಯಾರನ್ನಾದರೂ ಗೌರವಿಸುವುದಾದರೆ ಗಣ್ಯರ ಭಾಷಣ ಕಡಿಮೆ ಮಾಡಿ. ಸನ್ಮಾನ ಪಡೆಯುವವರಿಂದ ಅಕ್ಷರ ಕಲಿತವರು, ಅವರ ಜೊತೆ ಆಸ್ಪತ್ರೆಗೆ ಹೋದವರು ಎರಡೆರಡು ನಿಮಿಷ ಮಾತಾಡಲಿ. ಅವರ ತಲೆಯಲ್ಲಿರುವುದನ್ನು ಯಾರಾದರೂ ಪಕ್ಕದಲ್ಲಿ ಕೂತು ಬರೆದುಕೊಳ್ಳಲಿ. ಇನ್ನೊಂದು ಮಾತು: ಸನ್ಮಾನದ ಹೆಸರಲ್ಲಿ ಅವರನ್ನು ಮನೆಗೆ ಕಳಿಸಬೇಡಿ. ಎಷ್ಟೋ ಸಲ ಫಲಕ ಕೈಗೆ ಬಂತು ಅಂದರೆ ‘ಇನ್ನು ನೀವು ಬರಬೇಕಾಗಿಲ್ಲ’ ಅಂತಲೇ ಅರ್ಥ. ಭಾರ ಎತ್ತುವುದು ಬೇರೆಯವರಿಗಿರಲಿ, ಸಲಹೆ ಅವರದ್ದಿರಲಿ.

ಆ ಸಂಜೆ ನಾನೂ ಹೋಗಿ ಒಂದು ಕುರ್ಚಿ ಎತ್ತಿಕೊಂಡೆ. ಹಿರಿಯರು ತಲೆ ಎತ್ತದೆಯೇ ಅಂದರು: “ಅದು ಗಟ್ಟಿ ಇದೆ. ಪಕ್ಕದ್ದನ್ನು ಈ ಕಡೆ ಇಡಿ.”