ಡೆಫ್‌ಬ್ಲೈಂಡ್ ವ್ಯಕ್ತಿಗಳೊಡನೆ ಮಾತು: ಸ್ವಯಂಸೇವಕರಿಗೆ ಕೈ ಪಾಠ

ಮಾಟುಂಗಾದ ಈ ಸಭೆಗೆ ಬಂದಿರುವ ಎಲ್ಲರಿಗೂ ನಮಸ್ಕಾರ.

ಕಿವಿ, ಕಣ್ಣು ಎರಡೂ ಕೈಕೊಟ್ಟ, ಅಂದರೆ ಡೆಫ್‌ಬ್ಲೈಂಡ್, ಮಕ್ಕಳಿಗಾಗಿ ಬೆರೋಜ್ ವಾಚಾ ಅವರು ಹೆಲನ್ ಕೆಲ್ಲರ್ ಇನ್‌ಸ್ಟಿಟ್ಯೂಟ್ ಕಟ್ಟಿದ್ದು 1977ರಲ್ಲಿ, ಇದೇ ಮುಂಬಯಿಯಲ್ಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಈ ಸ್ಥಿತಿಯನ್ನು ಹೆಸರಿಸಿದೆ. ಹೀಗಿದ್ದೂ ಹೊಸದಾಗಿ ಬರುವ ಸ್ವಯಂಸೇವಕರು ಮೊದಲು ಮಾಡುವ ಕೆಲಸ ಒಂದೇ: ಎದುರಿನವರ ಕೈ ಹಿಡಿದು ಎಳೆಯುವುದು. ತರಬೇತಿ ಶುರುವಾಗಬೇಕಾದದ್ದು ಅಲ್ಲಿಂದ.

ಆ ಕೈ ಅವರಿಗೆ ಕಣ್ಣೂ ಹೌದು, ಬಾಯಿಯೂ ಹೌದು. ಅದನ್ನು ಹಿಡಿದಿಟ್ಟರೆ ಅವರ ಮಾತೇ ನಿಂತುಹೋಗುತ್ತದೆ. ಹತ್ತಿರ ಹೋಗಿ, ತೋಳಿನ ಮೇಲೆ ಮೆಲ್ಲಗೆ ಕೈಯಿಟ್ಟು, ಹಾಗೇ ಇರಿ. ಮುಟ್ಟಿ ತಟ್ಟನೆ ತೆಗೆದರೆ ಯಾರೋ ತಾಗಿಸಿಕೊಂಡು ಹೋದರು ಅಂದುಕೊಳ್ಳುತ್ತಾರೆ. ಆಮೇಲೆ ನಿಮ್ಮ ಗುರುತು ತಿಳಿಸಿ: ಕೈಗಡಿಯಾರವನ್ನೋ ಬಳೆಯನ್ನೋ ಅವರಿಗೆ ಮುಟ್ಟಿಸಿ, ಪ್ರತಿ ಸಲವೂ ಅದೇ ಇರಲಿ. ಇನ್ನು ನಿಮ್ಮ ಕೈಯನ್ನು ಅವರ ಕೈಯಡಿಗೆ ಚಾಚಿ ಕಾಯಿರಿ. ಅವರ ಕೈ ಮೇಲೆ, ನಮ್ಮದು ಕೆಳಗೆ. ಬೇಡವೆನಿಸಿದಾಗ ಕೈ ಎತ್ತಿಕೊಳ್ಳಲು ಅವರಿಗೆ ಸಾಧ್ಯವಾಗಬೇಕು.

ಅಂಗೈ ಬರಹ, ಅಂದರೆ ಅವರ ಅಂಗೈ ಮೇಲೆ ಬೆರಳಿನಿಂದ ಅಕ್ಷರ ಬರೆಯುವುದು, ಎಲ್ಲಕ್ಕಿಂತ ಬೇಗ ಕಲಿಯಬಹುದಾದದ್ದು, ಎಲ್ಲಕ್ಕಿಂತ ಹೆಚ್ಚು ಕೆಡುವುದೂ ಅದೇ. ಪಕ್ಕದಲ್ಲಿ ಕೂರಿ, ಎದುರು ಕೂತರೆ ಅಕ್ಷರ ಅವರಿಗೆ ತಲೆಕೆಳಗಾಗುತ್ತದೆ. ತೋರುಬೆರಳಿನ ತುದಿಯಿಂದ, ಉಗುರು ತಾಗದಂತೆ, ಅಂಗೈ ತುಂಬುವಷ್ಟು ದೊಡ್ಡದಾಗಿ ಬರೆಯಿರಿ. ಅಕ್ಷರಗಳನ್ನು ಸಾಲಾಗಿ ಬರೆಯುವುದಲ್ಲ, ಒಂದರ ಜಾಗದಲ್ಲೇ ಇನ್ನೊಂದು. ಅಕ್ಷರ ಮುಗಿದಾಗ ಚಿಕ್ಕ ತಡೆ, ಪದ ಮುಗಿದಾಗ ಅಂಗೈಯನ್ನು ಒಮ್ಮೆ ಒತ್ತಿ. ತಪ್ಪಿದರೆ ಅಂಗೈಯನ್ನು ಅಡ್ಡಲಾಗಿ ಒರೆಸಿ ಮತ್ತೆ ಬರೆಯಿರಿ. ಮುಂಬಯಿಯ ಸೆಕೆಗೆ ಬೆವೆತ ಅಂಗೈಯಲ್ಲಿ ಬೆರಳು ಜಾರಿ ಗೆರೆ ಕೆಡುತ್ತದೆ, ಕರವಸ್ತ್ರ ಜೊತೆಗಿರಲಿ.

ಯಾವ ಲಿಪಿ ಎಂಬುದನ್ನು ಕೇಳಿಯೇ ತಿಳಿಯಬೇಕು. ಇಲ್ಲಿನ ನಮ್ಮ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ ಅಥವಾ ತುಳು, ಓದು ಮರಾಠಿ ಇಲ್ಲವೇ ಇಂಗ್ಲಿಷ್. ಒತ್ತಕ್ಷರ ಸೇರಿದ ಕನ್ನಡವನ್ನು ಅಂಗೈಯಲ್ಲಿ ಬಿಡಿಸಿಕೊಳ್ಳುವುದು ಕಷ್ಟ. ಇಂಗ್ಲಿಷ್ ದೊಡ್ಡಕ್ಷರ ಬಲ್ಲವರಿಗೆ ಅದೇ ಹಗುರ. ಉಬ್ಬು ಚುಕ್ಕೆಗಳ ಬ್ರೈಲ್ ಲಿಪಿ ಬಲ್ಲವರ ವಿಷಯ ಬೇರೆ: ಭಾರತೀಯ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನಲ್ಲಿ ಕನ್ನಡದ ‘ಕ’ಕ್ಕೂ ಮರಾಠಿಯ ‘ಕ’ಕ್ಕೂ 1 ಮತ್ತು 3ನೇ ಚುಕ್ಕೆಗಳೇ. ಮರಾಠಿ ಶಾಲೆಯಲ್ಲಿ ಬ್ರೈಲ್ ಕಲಿತ ಹುಡುಗಿ ಕನ್ನಡ ಹಾಳೆಯ ಅಕ್ಷರಗಳನ್ನೂ ಗುರುತಿಸಬಲ್ಲಳು. ಮನೆಯವರಿಗೆ ಇದನ್ನು ತಪ್ಪದೆ ತಿಳಿಸಿ.

ಡೆಫ್‌ಬ್ಲೈಂಡ್ ಎಂದರೆ ಎಲ್ಲರಿಗೂ ಪೂರ್ತಿ ಕತ್ತಲೆ, ಪೂರ್ತಿ ನಿಶ್ಶಬ್ದ ಅಲ್ಲ. ಅಷರ್ ಸಿಂಡ್ರೋಮ್‌ನಲ್ಲಿ ಕಿವಿಯ ತೊಂದರೆಯ ಜೊತೆಗೆ ದೃಷ್ಟಿ ಅಂಚಿನಿಂದ ಕಿರಿದಾಗುತ್ತ ಬರುತ್ತದೆ. ಅಂಥವರ ಮುಂದೆ ಕೈ ಬೀಸಿ ಸಂಜ್ಞೆ ಮಾಡಿದರೆ ಅರ್ಧ ಅವರ ನೋಟದಾಚೆಗೆ ಹೋಗುತ್ತದೆ. ಹತ್ತಿರ ನುಗ್ಗದೆ ಒಂದೆರಡು ಹೆಜ್ಜೆ ಹಿಂದೆ ಸರಿದು, ಎದೆಯ ಮಟ್ಟದಲ್ಲಿ ಚಿಕ್ಕದಾಗಿ ಸಂಜ್ಞೆ ಮಾಡಿ. ಬೆನ್ನ ಹಿಂದೆ ಕಿಟಕಿ ಬೇಡ; ಕೈ ಎದ್ದು ಕಾಣುವಂಥ ಬಣ್ಣದ, ಗೆರೆಯಿಲ್ಲದ ಬಟ್ಟೆ ಇರಲಿ.

ಕಣ್ಣಿಗೆ ಪಟ್ಟಿ ಕಟ್ಟಿ ಅಭ್ಯಾಸ ಮಾಡಿಸುವ ರೂಢಿಯಿದೆ. ಬೆರಳಿನ ವೇಗ ಎಷ್ಟಿರಬೇಕೆಂದು ತಿಳಿಯಲು ಅದು ಸಾಕು. ಅವರ ಬದುಕು ಅರ್ಥವಾಯಿತು ಎಂದುಕೊಳ್ಳಲು ಸಾಲದು. ಹತ್ತು ನಿಮಿಷದ ಪಟ್ಟಿ ಭಯವನ್ನಷ್ಟೇ ಕಲಿಸುತ್ತದೆ. ಕಲಿಸುವವರ ಸಾಲಿನಲ್ಲಿ ಡೆಫ್‌ಬ್ಲೈಂಡ್ ವ್ಯಕ್ತಿಯೊಬ್ಬರು ಇರಬೇಕು, ಸಂಭಾವನೆ ಪಡೆದೇ ಇರಬೇಕು.

ಈಗ ಇಬ್ಬಿಬ್ಬರು ಪಕ್ಕಪಕ್ಕ ಕೂತು ನಿಮ್ಮ ಹೆಸರು ಬರೆಯಿರಿ. ಉಂಗುರ ತೆಗೆದಿಡಿ.