ಬೊಜ್ಜು, ರಕ್ತದ ಕೊಬ್ಬು ಮತ್ತು ರೋಗನಿರೋಧಕ ವಂಶವಾಹಿಗಳು

ಕೇಳುಗರಿಗೆ ನಮಸ್ಕಾರ.

ವಯಸ್ಸು, ಎತ್ತರ, ತೂಕ ಮೂರೂ ಹೆಚ್ಚುಕಡಿಮೆ ಒಂದೇ ಆಗಿರುವ ಇಬ್ಬರು ಸ್ಥೂಲಕಾಯರ ರಕ್ತವನ್ನು ಪರೀಕ್ಷಿಸಿದಾಗ, ಒಬ್ಬರಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಮಿತಿಮೀರಿರುವುದೂ ಇನ್ನೊಬ್ಬರಲ್ಲಿ ಅದು ಹದದಲ್ಲಿಯೇ ಇರುವುದೂ ವೈದ್ಯರಿಗೆ ಹೊಸದಲ್ಲ. ಆಹಾರ, ವ್ಯಾಯಾಮ, ಮದ್ಯಪಾನಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಉಳಿಯುವ ಈ ವ್ಯತ್ಯಾಸದ ಒಂದು ಸಣ್ಣ ಪಾಲಿಗೆ, ಸೋಂಕಿನೊಡನೆ ಹೋರಾಡಲು ನೆರವಾಗುವ ವಂಶವಾಹಿಗಳೂ ಕಾರಣವಾಗಿರಬಹುದು.

ಈ ಕಥೆಯ ಮುಖ್ಯ ಪಾತ್ರ ಟಿಎನ್‌ಎಫ್ ಎಂಬ, ರೋಗನಿರೋಧಕ ಕಣಗಳ ಸಂದೇಶ ಒಯ್ಯುವ ಪ್ರೋಟೀನು. ಸೋಂಕು ತಗುಲಿ ಸೊರಗುತ್ತಿರುವ ಪ್ರಾಣಿಗಳ ರಕ್ತದಲ್ಲಿ ಕೊಬ್ಬು ಏಕೆ ಏರುತ್ತದೆಂದು ಹುಡುಕಿದವರಿಗೆ ಸಿಕ್ಕ ಕ್ಯಾಕೆಕ್ಟಿನ್ ಎಂಬ ವಸ್ತು ಇದೇ ಟಿಎನ್‌ಎಫ್ ಎಂಬುದು 1985ರಲ್ಲಿ ಗೊತ್ತಾಯಿತು. ದೇಹವನ್ನು ಕೃಶಗೊಳಿಸುವ ಆ ವಸ್ತುವೇ 1993ರಲ್ಲಿ ಬೊಜ್ಜು ಬೆಳೆದ ಇಲಿಗಳ ಕೊಬ್ಬಿನ ಅಂಗಾಂಶದಲ್ಲಿ ಹೇರಳವಾಗಿ ಕಾಣಿಸಿಕೊಂಡಿತು. ನನ್ನ ಮಟ್ಟಿಗೆ ಇದಕ್ಕಿಂತ ಸೋಜಿಗದ ತಿರುವು ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ. ಉಬ್ಬಿದ ಕೊಬ್ಬಿನೊಳಗೆ ಮ್ಯಾಕ್ರೋಫೇಜ್ ಎಂಬ ರಕ್ಷಕ ಕಣಗಳು ಬಂದು ಬೀಡುಬಿಡುತ್ತವೆಂದೂ, ಅಲ್ಲಿನ ಟಿಎನ್‌ಎಫ್‌ನ ಬಹುಪಾಲು ಅವುಗಳದೇ ಎಂದೂ 2003ರಲ್ಲಿ ತಿಳಿಯಿತು.

ರಕ್ತದಲ್ಲಿ ಹರಿಯುವ ಟ್ರೈಗ್ಲಿಸರೈಡನ್ನು ಒಡೆದು ಅಂಗಾಂಶಗಳಿಗೆ ಒದಗಿಸುವುದು ಲಿಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವದ ಕೆಲಸ. ಟಿಎನ್‌ಎಫ್ ಕೊಬ್ಬಿನ ಕಣಗಳಲ್ಲಿ ಈ ಕಿಣ್ವವನ್ನು ಅಡಗಿಸುತ್ತದೆ. ಜೊತೆಗೆ, ಕೂಡಿಟ್ಟ ಕೊಬ್ಬನ್ನು ಕರಗಿಸಿ ಹೊರಬಿಡುವಂತೆ ಆ ಕಣಗಳನ್ನು ಪ್ರಚೋದಿಸುತ್ತದೆ. ಹೊರಬಿದ್ದ ಕೊಬ್ಬಿನಾಮ್ಲಗಳನ್ನು ಯಕೃತ್ತು ಮತ್ತೆ ಟ್ರೈಗ್ಲಿಸರೈಡಾಗಿ ಕಟ್ಟಿ ರಕ್ತಕ್ಕೆ ಕಳುಹಿಸುವುದರಿಂದ, ವಿಲೇವಾರಿ ಕುಗ್ಗಿ ಪೂರೈಕೆ ಹೆಚ್ಚುತ್ತದೆ.

ಟಿಎನ್‌ಎಫ್‌ನ ವಂಶವಾಹಿ 6ನೇ ವರ್ಣತಂತುವಿನಲ್ಲಿದೆ. ಅದರ ಆರಂಭಕ್ಕೆ ಡಿಎನ್‌ಎಯ 308 ಅಕ್ಷರಗಳಷ್ಟು ಹಿಂದೆ ಇರುವ ಒಂದೇ ಅಕ್ಷರ ಕೆಲವರಲ್ಲಿ ಬೇರೆಯಾಗಿರುತ್ತದೆ. ಇಂಥದೇ ಇನ್ನೊಂದು ಸಂದೇಶವಾಹಕ ಪ್ರೋಟೀನಾದ ಇಂಟರ್‌ಲ್ಯೂಕಿನ್-6ರ ವಂಶವಾಹಿಯ ಆರಂಭಕ್ಕೆ 174 ಅಕ್ಷರಗಳಷ್ಟು ಹಿಂದೆಯೂ ಇಂಥ ಬದಲಾವಣೆ ಇದೆ. ಇವುಗಳಿಗೂ ರಕ್ತದ ಕೊಬ್ಬಿಗೂ ಇರುವ ನಂಟನ್ನು ಹುಡುಕಿದ ಅಧ್ಯಯನಗಳ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗಿಲ್ಲ. ಆದುದರಿಂದ ಇಂಥ ಒಂದು ಅಕ್ಷರವನ್ನು ಓದಿ ಯಾರದೋ ರಕ್ತದ ಕೊಬ್ಬಿನ ಭವಿಷ್ಯ ನುಡಿಯುವುದು ದುಡುಕಾದೀತು.

ಈ ಪ್ರೋಟೀನುಗಳು ಎಬ್ಬಿಸುವ ಉರಿಯೂತ ಇಳಿದರೆ ರಕ್ತದ ಕೊಬ್ಬೂ ಇಳಿಯಲೇಬೇಕೆಂಬ ನಿಯಮವೂ ಇಲ್ಲ. ಸಂಧಿವಾತಕ್ಕಾಗಿ ಇಂಟರ್‌ಲ್ಯೂಕಿನ್-6ರ ಸಂದೇಶವನ್ನು ತಡೆಯುವ ಟೋಸಿಲಿಜುಮ್ಯಾಬ್ ಔಷಧಿ ಪಡೆಯುವವರಲ್ಲಿ ಕೀಲುಗಳ ಊತ ತಗ್ಗುತ್ತಿರುವಾಗಲೇ ಕೊಲೆಸ್ಟರಾಲು ಏರುವುದುಂಟು. ಅದಕ್ಕಾಗಿಯೇ ಚಿಕಿತ್ಸೆ ಆರಂಭವಾದ ಕೆಲವು ವಾರಗಳಲ್ಲಿ ವೈದ್ಯರು ಅವರ ರಕ್ತದ ಕೊಬ್ಬನ್ನು ಮತ್ತೊಮ್ಮೆ ಅಳೆಯುತ್ತಾರೆ.