ತೃಕ್ಕರಿಪುರದ ಗ್ಯಾಲರಿಯಲ್ಲಿ ಒಂದು ರಾತ್ರಿ

ಈಗ ಸ್ಕ್ರೀನ್ ಮೇಲೆ ಕಾಣ್ತಾ ಇರುವುದು ತೃಕ್ಕರಿಪುರ. ಕಾಸರಗೋಡು ಜಿಲ್ಲೆಯ ದಕ್ಷಿಣದ ತುದಿ, ರೈಲು ಇನ್ನೊಂದು ಸ್ವಲ್ಪ ಮುಂದೆ ಹೋದರೆ ಪಯ್ಯನ್ನೂರು, ಅಲ್ಲಿಗೆ ಕಣ್ಣೂರು ಜಿಲ್ಲೆ. ಕುಂಬಳೆಯಿಂದ ಇಷ್ಟು ದೂರ ಫುಟ್‌ಬಾಲ್ ನೋಡಲು ಬಂದೆ ಅಂದರೆ ನಮ್ಮ ಮನೆಯಲ್ಲೇ ನಗ್ತಾರೆ. ಅನಿಲ್ ಕುಂಬ್ಳೆ ಹೆಸರಲ್ಲೇ ನಮ್ಮ ಊರು ಉಂಟು ಮಾರಾಯ್ರೆ, ನಾವು ಕ್ರಿಕೆಟಿನವರು. ಫುಟ್‌ಬಾಲ್ ಅಂದರೆ ನನಗೆ ನಾಲ್ಕು ವರ್ಷಕ್ಕೊಮ್ಮೆ ರಸ್ತೆ ಬದಿಯಲ್ಲಿ ಏಳುವ ಮೆಸ್ಸಿ, ನೇಮರ್ ಕಟೌಟು. ಅಷ್ಟೇ.

ಎಳೆದುಕೊಂಡು ಬಂದದ್ದು ಭಾವ. ಅವರ ಕೆಲಸ ಕಾಞಂಗಾಡಿನಲ್ಲಿ, ಹುಚ್ಚು ಸೆವೆನ್ಸಿನದ್ದು. ಸೆವೆನ್ಸ್ ಅಂದರೆ ತಂಡಕ್ಕೆ ಏಳೇ ಜನ, ಮೈದಾನವೂ ಸಣ್ಣದು. ಮಳೆಗಾಲ ಮುಗಿದು ನೆಲ ಒಣಗಿದ ಮೇಲೆ ಉತ್ತರ ಕೇರಳದ ಊರೂರಲ್ಲಿ ರಾತ್ರಿ ಫ್ಲಡ್‌ಲೈಟಿನಡಿ ನಡೆಯುವ ಟೂರ್ನಮೆಂಟು. ಗ್ಯಾಲರಿ ನೋಡಿ: ಅಡಿಕೆ ಮರ, ಹಗ್ಗ, ಹಲಗೆ. ಜನ ಎದ್ದು ಕುಣಿದರೆ ತೋಡಿನ ಸಂಕದ ಹಾಗೆ ತೂಗ್ತದೆ. ಶುರುವಿಗೆ ನಾನು ಆಟ ನೋಡಲೇ ಇಲ್ಲ, ಕೂತ ಹಲಗೆಯನ್ನೇ ನೋಡ್ತಾ ಇದ್ದೆ.

ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಓಡ್ತದೆ, ನಮ್ಮ ಕಣ್ಣೂ ಅದರ ಹಿಂದೆ. ಇಲ್ಲಿ ಭಾವ ಮೊದಲೇ ಹೇಳಿದರು, “ಚೆಂಡು ಬಿಡು, ಆ ಒಂಬತ್ತನೇ ನಂಬರಿನವನನ್ನು ನೋಡು.” ಘಾನಾದ ಹುಡುಗ. ಚೆಂಡು ಅವನಿಂದ ಎಷ್ಟೋ ದೂರ. ಅವನು ಡಿಫೆಂಡರ್‌ನ ಬೆನ್ನ ಹಿಂದೆ ಸುಮ್ಮನೆ ನಡೀತಾ ಇದ್ದ. ಡಿಫೆಂಡರ್ ತಿರುಗಿ ನೋಡಿದ, ಇವನು ನಿಂತ. ಡಿಫೆಂಡರ್ ಚೆಂಡಿನ ಕಡೆ ಕತ್ತು ಹೊರಳಿಸಿದ್ದೇ ತಡ, ಇವನು ಎರಡು ಹೆಜ್ಜೆ ಒಳಗೆ. ಖಾಲಿ ಜಾಗಕ್ಕೆ ಪಾಸ್ ಬಂತು, ಅಷ್ಟರಲ್ಲಿ ಇವನು ಅಲ್ಲಿದ್ದ. ಗೋಲು! ಹಲಗೆಯ ಹೆದರಿಕೆ ಎಲ್ಲಿ ಹೋಯಿತೋ, ನಾನೂ ಎದ್ದು ಕಿರುಚಿದ್ದೆ. ಆ ನಡಿಗೆ ಉಂಟಲ್ಲ, ಅದು ಟಿವಿಯ ಚೌಕಟ್ಟಿನೊಳಗೆ ಬರುವುದೇ ಇಲ್ಲ.

ಸೆವೆನ್ಸ್ ಸೀಸನ್ನಿಗೆ ಪಶ್ಚಿಮ ಆಫ್ರಿಕದಿಂದ ಆಟಗಾರರು ಬರ್ತಾರೆ: ಘಾನಾ, ನೈಜೀರಿಯ, ಲೈಬೀರಿಯ. ಲೈಬೀರಿಯ ಅಂದಕೂಡಲೇ ಭಾವ ಅಲ್ಲಿನ ಫುಟ್‌ಬಾಲಿಗ ಜಾರ್ಜ್ ವಿಯಾ ಕತೆ ತೆಗೆದರು. 1995ರಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್, 2018ರಲ್ಲಿ ದೇಶಕ್ಕೇ ಅಧ್ಯಕ್ಷ. ಘಾನಾದ್ದು ಹೊಟ್ಟೆ ಉರಿಯುವ ಕತೆ. 2010ರ ವಿಶ್ವಕಪ್ ಕ್ವಾರ್ಟರ್ ಫೈನಲ್, ಎಕ್ಸ್‌ಟ್ರಾ ಟೈಮಿನ ಕೊನೇ ಗಳಿಗೆ. ಗೋಲಿಗೆ ನುಗ್ಗುವ ಚೆಂಡನ್ನು ಉರುಗ್ವೆಯ ಸ್ವಾರೆಸ್ ಕೈಯಲ್ಲಿ ತಡೆದ. ಪೆನಾಲ್ಟಿ ಸಿಕ್ಕಿತು, ಘಾನಾದ ಗ್ಯಾನ್ ಒದ್ದದ್ದು ಕ್ರಾಸ್‌ಬಾರಿಗೆ ಬಡಿಯಿತು. ಶೂಟೌಟಿನಲ್ಲಿ ಘಾನಾ ಹೊರಗೆ. ಆಫ್ರಿಕದ ತಂಡವೊಂದು ಸೆಮಿಫೈನಲ್ ಕಾಣಲು 2022ರ ಮೊರಾಕ್ಕೊ ಬರಬೇಕಾಯಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ಅಜ್ಜನಿಗೂ ಇದೆಲ್ಲ ಬಾಯಿಪಾಠ. ಸ್ವಾರೆಸ್ ಹೆಸರು ಕಿವಿಗೆ ಬಿದ್ದದ್ದೇ ಮಲಯಾಳದಲ್ಲಿ ಬೈಯಲಿಕ್ಕೆ ಶುರು.

ಊರಿಗೂ ತನ್ನದೇ ಹೆಮ್ಮೆ ಉಂಟು. ಭಾರತಕ್ಕೆ ಆಡಿದ ಮುಹಮ್ಮದ್ ರಾಫಿ ತೃಕ್ಕರಿಪುರದವರು. 2016ರ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಫೈನಲಿನಲ್ಲಿ ಕೇರಳ ಬ್ಲಾಸ್ಟರ್ಸ್ ಹೊಡೆದ ಗೋಲು ಅವರ ಹೆಡರ್. ಕಪ್ ಮಾತ್ರ ಕೋಲ್ಕತ್ತಕ್ಕೆ ಹೋಯಿತು.

ಜಗತ್ತಿನ ಫುಟ್‌ಬಾಲ್ ನಡೆಸುವ ಫಿಫಾದಲ್ಲಿ 211 ಸದಸ್ಯ ಸಂಘಗಳು ಅಂತ ಹಿಂದೆ ಓದಿದ್ದೆ, ಓದಿ ಬಿಟ್ಟಿದ್ದೆ. ಇಲ್ಲಿ ಕೂತಾಗ ಅದಕ್ಕೊಂದು ಕಾರಣ ಹೊಳೆಯಿತು. ಕ್ರಿಕೆಟಿಗೆ ಬ್ಯಾಟ್ ಬೇಕು, ಪಿಚ್ ಬೇಕು, ಎಲ್‌ಬಿಡಬ್ಲ್ಯು ಅಂದರೇನು ಅಂತ ವಿವರಿಸುವ ಒಬ್ಬ ಮಾವ ಬೇಕು. ಇದಕ್ಕೆ ಚೆಂಡೊಂದಿದ್ದರೆ ಆಯಿತು. ಘಾನಾದವನಿಗೆ ಮಲಯಾಳ ಬಾರದು, ಪಾಸ್ ಕೊಟ್ಟ ಹುಡುಗನಿಗೆ ಅವನ ಭಾಷೆ ಬಾರದು. ಬೋರ್ಡಿನಲ್ಲಿ ಯಾವ ಭಾಷೆ ಇರಬೇಕು ಅಂತ ಜಗಳ ಕೇಳಿಯೇ ಬೆಳೆದ ಕಾಸರಗೋಡಿನವ ನಾನು. ನನಗೆ ಇದು ಸಣ್ಣ ವಿಷಯ ಅನಿಸಲಿಲ್ಲ.

ಆಟ ಮುಗಿದ ಮೇಲೆ ರಸ್ತೆ ಬದಿಯ ತಟ್ಟುಕಡೆ ಅಂಗಡಿಯ ಹತ್ತಿರ ಅದೇ ಒಂಬತ್ತನೇ ನಂಬರಿನವನು ಚಾ ಕುಡೀತಾ ನಿಂತಿದ್ದ. ಸುತ್ತ ಸೆಲ್ಫಿಗೆ ಬಂದ ಹುಡುಗರು. ಕೇಳುವ ಪ್ರಶ್ನೆ ಒಂದೇ: ಅರ್ಜೆಂಟೀನವೋ, ಬ್ರೆಜಿಲೋ? ಅವನು ಎದೆ ಮುಟ್ಟಿಕೊಂಡು “ಘಾನಾ” ಅಂದ. ಅದೆಲ್ಲ ಸರಿ, ಎರಡರಲ್ಲಿ ಒಂದು ಹೇಳಿ ಅಂತ ಇವರ ಹಟ. ಕೊನೆಗೆ ಅವನು ನಗುತ್ತಾ ಬ್ರೆಜಿಲ್ ಅಂದ. ಅರ್ಧ ಹುಡುಗರು ಸೆಲ್ಫಿ ತೆಗೆಯದೇ ಹೊರಟು ಹೋದರು.